ಎಳೆಯ ಸಂಸಾರದ ಖರ್ಚು: ಕೆಜಿಎಫ್ ಮತ್ತು ಬಂಗಾರಪೇಟೆಯ ದುಡಿಯುವ ಮನೆಗಳ ಆರ್ಥಿಕ ಸ್ಥಿತಿ

ಒಂದು ಸಂಸಾರದ ಆಯುಷ್ಯದಲ್ಲಿ ಕೈ ಅತಿ ಬಿಗಿಯಾಗುವುದು ಮೊದಲ ಮಗು ಹುಟ್ಟಿದಂದಿನಿಂದ ಕೊನೆಯ ಮಗು ಪ್ರೌಢಶಾಲೆ ಮುಟ್ಟುವವರೆಗಿನ ಹತ್ತು ಹದಿನೈದು ವರ್ಷಗಳಲ್ಲಿ. ಉಣ್ಣುವ ಬಾಯಿಗಳು ಹೆಚ್ಚುವುದೂ ದುಡಿಯುವ ಕೈಗಳು ಕಡಿಮೆಯಾಗುವುದೂ ಇದೇ ಕಾಲದಲ್ಲಿ. ಕೆಲಸದಲ್ಲಿದ್ದ ತಾಯಿ ಬಾಣಂತನಕ್ಕೆಂದು ಮನೆಯಲ್ಲಿ ಉಳಿಯುತ್ತಾಳೆ. ತಂದೆಯ ಸಂಬಳ ಇನ್ನೂ ಮೊದಲ ಮೆಟ್ಟಿಲುಗಳಲ್ಲೇ ಇರುತ್ತದೆ. ಮದುವೆಗೆ ಮಾಡಿದ ಸಾಲದ ಕಂತು ಮುಗಿದಿರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಬುದ್ಧಿ ಹೇಳುವುದುಂಟು. ಹಾಸಿಗೆ ಅಷ್ಟೇ ಇದ್ದು ಕಾಲುಗಳ ಸಂಖ್ಯೆಯೇ ಏರುತ್ತಿರುವ ಮನೆಗೆ ಆ ಮಾತು ಯಾವ ದಾರಿಯನ್ನೂ ತೋರಿಸುವುದಿಲ್ಲ.

ಇದು ದುಂದುಗಾರಿಕೆಯ ಫಲವಲ್ಲ, ಕಾಲಕ್ರಮದ ಫಲ ಎಂಬುದನ್ನು ಅಂಕಿಅಂಶಗಳಿಂದ ಮೊದಲು ತೋರಿಸಿದವರಲ್ಲಿ ಇಂಗ್ಲೆಂಡಿನ ಸೀಬೋಮ್ ರೌಂಟ್ರಿ ಮುಖ್ಯರು. ಅವರು ಯಾರ್ಕ್ ನಗರದ ಕಾರ್ಮಿಕರ ಮನೆಗಳನ್ನು ಒಂದೊಂದಾಗಿ ಸಮೀಕ್ಷೆ ಮಾಡಿಸಿ 1901ರಲ್ಲಿ ಪುಸ್ತಕ ಪ್ರಕಟಿಸಿದರು. ಕೂಲಿಕಾರನೊಬ್ಬನ ಬದುಕಿನಲ್ಲಿ ಕೊರತೆ ಮೂರು ಸಲ ಬರುತ್ತದೆ ಎಂದು ಅವರು ಕಂಡುಕೊಂಡರು: ಅವನು ಮಗುವಾಗಿದ್ದಾಗ, ಅವನ ಮಕ್ಕಳು ಚಿಕ್ಕವರಿದ್ದಾಗ, ಮುಪ್ಪಿನಲ್ಲಿ. ಹೆಣ್ಣಿನ ಪಾಲಿಗೆ ಹೆರಿಗೆಯ ವರ್ಷಗಳ ಬಹುಭಾಗ ಕೊರತೆಯಲ್ಲೇ ಕಳೆಯುತ್ತದೆ ಎಂಬುದನ್ನೂ ಅವರು ಗುರುತಿಸಿದರು. ರಷ್ಯಾದ ರೈತ ಕುಟುಂಬಗಳನ್ನು ಅಧ್ಯಯನ ಮಾಡಿದ ಚಯಾನೋವ್ ಮುಟ್ಟಿದ ತೀರ್ಮಾನವೂ ಇದರ ಹತ್ತಿರದ್ದೇ: ದುಡಿಯುವವರಿಗೂ ಉಣ್ಣುವವರಿಗೂ ಇರುವ ಅನುಪಾತ ಮದುವೆಯಾದಂದಿನಿಂದ ಕೆಡುತ್ತಾ ಹೋಗಿ, ದೊಡ್ಡ ಮಗು ಹೊಲಕ್ಕಿಳಿದ ಮೇಲಷ್ಟೇ ಸುಧಾರಿಸತೊಡಗುತ್ತದೆ.

ಈ ತಗ್ಗನ್ನು ದಾಟಲು ಪ್ರತಿಯೊಂದು ಸಮಾಜವೂ ಏನಾದರೂ ಆಸರೆ ಕಟ್ಟಿಕೊಂಡಿರುತ್ತದೆ. ಹಳ್ಳಿಯ ಕೂಡುಕುಟುಂಬ ಅಂಥದೊಂದು ಆಸರೆ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ, ಅಂದರೆ ಕೆಜಿಎಫ್‌ನಲ್ಲಿ, ಆ ಆಸರೆ ಬೇರೆ ರೂಪದಲ್ಲಿತ್ತು, ಮತ್ತು ಅದು ಒಂದೇ ದಿನ ಕಳಚಿತು. ಇಲ್ಲಿನ ಎಳೆಯ ಸಂಸಾರಗಳ ಇಂದಿನ ಕಷ್ಟವನ್ನು ಬೆಲೆ ಏರಿಕೆಯಿಂದ ಮಾತ್ರ ವಿವರಿಸುವುದು ಸಾಲದು. ಅದಕ್ಕೆ ಗಣಿಯ ಕಾಲದ ಸಂಬಳ ಹೇಗಿತ್ತೆಂಬುದನ್ನು ಮೊದಲು ನೋಡಬೇಕು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಗಳ ಆಡಳಿತ ವಹಿಸಿಕೊಂಡಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳ ಸುತ್ತ ಊರುಗಳು ಬೆಳೆದವು. ಉತ್ತರ ಆರ್ಕಾಟಿನ ದಲಿತ ಕುಟುಂಬಗಳೂ ಚಿತ್ತೂರು ಕಡೆಯವರೂ ಬಂದು ನೆಲೆಸಿದರು. 1894ರಲ್ಲಿ ಅಂದಿನ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಶುದ್ಧೀಕರಿಸಿದ ನೀರು ಬಂತು. ಗಣಿಯ ಕಾರ್ಮಿಕರು ಮೊದಲು ಬಿದಿರಿನ ತಟ್ಟಿಯ ಗುಡಿಸಲುಗಳಲ್ಲಿ, ಆಮೇಲೆ ಸಾಲು ಸಾಲಾಗಿ ಕಟ್ಟಿದ ಲೈನು ಮನೆಗಳಲ್ಲಿ ಬದುಕಿದರು. ಮನೆ ಎಂದರೆ ಒಂದು ಕೋಣೆ, ಅಡುಗೆಗೆ ಒಂದು ಮೂಲೆ. ನೆಲದಡಿಯ ಕೆಲಸವೋ ಪ್ರಾಣಕ್ಕೆ ಎರವಾಗುವಂಥದು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರು ಮೀರಿತ್ತು. ಬಂಡೆ ಸಿಡಿತವೂ ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯೂ ಎಷ್ಟೋ ತಾಯಂದಿರನ್ನು ಎಳೆಯ ಪ್ರಾಯದಲ್ಲೇ ವಿಧವೆಯರನ್ನಾಗಿಸಿದವು. ಆ ಕಾಲವನ್ನು ಸುಖದ ಕಾಲವೆಂದು ಬಣ್ಣಿಸುವುದು ಸತ್ತವರಿಗೆ ಮಾಡುವ ಅನ್ಯಾಯ.

ಆದರೂ ಒಂದು ಸಂಗತಿ ಉಳಿಯುತ್ತದೆ. ಗಣಿ ಕಾರ್ಮಿಕನ ಸಂಬಳದ ಒಂದು ಭಾಗ ಮಾತ್ರ ನಗದಾಗಿತ್ತು. ಉಳಿದ ಭಾಗ ವಸ್ತುವಿನ ರೂಪದಲ್ಲಿ, ಸೇವೆಯ ರೂಪದಲ್ಲಿ ಮನೆ ಸೇರುತ್ತಿತ್ತು. ಮನೆಗೆ ನಾಮಮಾತ್ರ ಕಡಿತ. ಬೀದಿ ನಲ್ಲಿಯಲ್ಲಿ ನೀರು. ಹೆರಿಗೆಗೂ ಮಕ್ಕಳ ಕಾಯಿಲೆಗೂ ಕಂಪನಿಯ ಆಸ್ಪತ್ರೆ. ನಡೆದು ಹೋಗುವ ದೂರದಲ್ಲಿ ಶಾಲೆ. ಶಿಫ್ಟ್ ಮುಗಿದರೆ ನಡೆದು ಬರುವಷ್ಟು ಹತ್ತಿರದಲ್ಲಿ ತಂದೆಯ ಕೆಲಸ. ಮೂರು ಮಕ್ಕಳಾದರೂ ನೀರಿನ ಲೆಕ್ಕ, ವೈದ್ಯರ ಲೆಕ್ಕ ಮೂರು ಪಟ್ಟಾಗುತ್ತಿರಲಿಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಕುಟುಂಬ ಬೆಳೆದಾಗ ಏರುವ ಖರ್ಚಿನ ಒಂದು ಪಾಲು ಕಾರ್ಮಿಕನ ಜೇಬಿಗೆ ಬೀಳದೆ ಉದ್ಯಮದ ಲೆಕ್ಕಪುಸ್ತಕಕ್ಕೆ ಬೀಳುತ್ತಿತ್ತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಾಗಲೂ, 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದಾಗಲೂ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ರೂಪುಗೊಂಡಾಗಲೂ ಈ ಏರ್ಪಾಡು ಮುಂದುವರಿಯಿತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಬಹಳ ಹಿಂದೆಯೇ ಮೀರಿತ್ತು. ಆಗ ಹತ್ತು ಗ್ರಾಂ ಚಿನ್ನ ಐದು ಸಾವಿರ ರೂಪಾಯಿಗಿಂತ ಕಡಿಮೆಗೆ ಸಿಗುತ್ತಿತ್ತು. ಕೆಲಸ ಹೋದದ್ದು ಎಲ್ಲರಿಗೂ ಕಂಡ ನಷ್ಟ. ಕಾಣದ ನಷ್ಟವೆಂದರೆ, ಅದುವರೆಗೆ ನಗದಿಲ್ಲದೆ ಸಿಗುತ್ತಿದ್ದ ಪ್ರತಿಯೊಂದಕ್ಕೂ ನಗದು ಬೇಕಾದದ್ದು. ಆಸ್ಪತ್ರೆ ಬಾಗಿಲು ಹಾಕಿತು. ನೀರಿಗೆ ಟ್ಯಾಂಕರ್ ಕಾಯಬೇಕಾಯಿತು; ಕುಡಿಯುವ ನೀರಿಗೆ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಘಟಕದ ಮುಂದೆ ಸರದಿ ನಿಲ್ಲಬೇಕಾಯಿತು. ಅಂತರ್ಜಲ ಆಳಕ್ಕಿಳಿದ, ಫ್ಲೋರೈಡ್ ತುಂಬಿದ ಜಿಲ್ಲೆಯಲ್ಲಿ ಹಸುಗೂಸಿರುವ ಮನೆ ಈ ಖರ್ಚನ್ನು ಬಿಡುವಂತಿಲ್ಲ. ಲೈನು ಮನೆಗಳಲ್ಲಿ ಹಳೆಯ ಕಾರ್ಮಿಕರ ಕುಟುಂಬಗಳು ಉಳಿದುಕೊಂಡವು. ಆದರೆ ಒಡೆತನದ ಪತ್ರ ಕೈಯಲ್ಲಿಲ್ಲದ ಮನೆಯ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ, ಸೋರುವ ಚಾವಣಿಗೆ ದುಡ್ಡು ಹಾಕಲು ಮಗನಿಗೂ ಧೈರ್ಯ ಬರುವುದಿಲ್ಲ. ಗಣಿ ಮುಚ್ಚಿದ ವರ್ಷ ಹುಟ್ಟಿದ ಮಕ್ಕಳು ಈಗ ತಾವೇ ತಾಯ್ತಂದೆಯರಾಗುವ ವಯಸ್ಸಿಗೆ ಬಂದಿದ್ದಾರೆ. ಅಜ್ಜನಿಗೆ ಸಂಬಳದ ಜೊತೆಗೆ ಬರುತ್ತಿದ್ದದ್ದನ್ನೆಲ್ಲ ಈ ತಲೆಮಾರು ಸಂಬಳದೊಳಗಿನಿಂದ ಕೊಳ್ಳಬೇಕಾಗಿದೆ.

ಆ ಸಂಬಳ ಸಿಗುವುದಾದರೂ ಎಲ್ಲಿ? 1964ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ವಲಯದ ಉದ್ಯಮ ಬಿಇಎಂಎಲ್ ಕೆಜಿಎಫ್‌ನ ದೊಡ್ಡ ಆಧಾರವಾಗಿ ಉಳಿದಿದೆ. ಆದರೆ ಗಣಿಯಿಂದ ಹೊರಬಿದ್ದ ಊರನ್ನೆಲ್ಲ ಹೊರುವಷ್ಟು ಉದ್ಯೋಗ ಅಲ್ಲಿಲ್ಲ. ಉಳಿದವರಿಗೆ ಬೆಂಗಳೂರೇ ಗತಿ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಬಿಇಎಂಎಲ್ ನಗರ ದಾಟಿ ಬಂಗಾರಪೇಟೆಗೆ ಬರುವ ಬೆಳಗಿನ ರೈಲು ಅಲ್ಲಿಂದ ಟೇಕಲ್, ಮಾಲೂರು, ವೈಟ್‌ಫೀಲ್ಡ್, ಕೃಷ್ಣರಾಜಪುರ ಮಾರ್ಗವಾಗಿ ರಾಜಧಾನಿ ಸೇರುತ್ತದೆ. ಒಂದು ದಿಕ್ಕಿಗೆ ಎರಡು ಗಂಟೆಗೂ ಹೆಚ್ಚು. ತಿಂಗಳ ಪಾಸು ಅಗ್ಗ. 2025ರ ಜುಲೈಯಲ್ಲಿ ರೈಲು ದರ ಏರಿದಾಗಲೂ ಪಾಸಿನ ದರ ಏರಲಿಲ್ಲ. ಬೆಂಗಳೂರಿನ ಬಾಡಿಗೆ, ಮುಂಗಡ ಕೊಡಲಾಗದ ಕುಟುಂಬಕ್ಕೆ ಈ ಪಾಸೇ ದೊಡ್ಡ ಉಳಿತಾಯ. ಬಂಗಾರಪೇಟೆಗೆ ಇದರಿಂದಲೇ ಒಂದು ಹೊಸ ಬೇಡಿಕೆ ಬಂದಿದೆ: ಜಂಕ್ಷನ್ ಆದ್ದರಿಂದ ಅಲ್ಲಿ ಹೆಚ್ಚು ರೈಲುಗಳು ನಿಲ್ಲುತ್ತವೆ, ಕೆಲಸ ತಡವಾದರೆ ಇನ್ನೊಂದು ಗಾಡಿ ಸಿಗುತ್ತದೆ ಎಂದು ಕೆಜಿಎಫ್‌ನ ಎಳೆಯ ದಂಪತಿಗಳು ಅಲ್ಲಿಯೇ ಮನೆ ಹಿಡಿಯುವುದುಂಟು.

ರೈಲಿನಲ್ಲಿ ಉಳಿದ ದುಡ್ಡಿಗೆ ಬದಲಾಗಿ ಕೊಡಬೇಕಾದದ್ದು ಹೊತ್ತು. ಈ ಹೊತ್ತಿನ ಬೆಲೆ ಅತಿ ಹೆಚ್ಚು ಬೀಳುವುದು ತಾಯಿಯ ಮೇಲೆ. ಹೋಗಿ ಬರುವ ನಾಲ್ಕೈದು ಗಂಟೆ, ಕೆಲಸದ ಎಂಟೊಂಬತ್ತು ಗಂಟೆ ಸೇರಿದರೆ ಮಗು ಹದಿಮೂರು ಗಂಟೆ ಬೇರೆಯವರ ಕೈಯಲ್ಲಿರಬೇಕು. ಅಂಗನವಾಡಿ ಮೂರು ವರ್ಷ ತುಂಬಿದ ಮಕ್ಕಳಿಗೆ ಊಟ, ಪಾಠ ಕೊಡುತ್ತದೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಆಹಾರ ಕಳಿಸುತ್ತದೆ. ಸಂಜೆ ಆರಕ್ಕೋ ಏಳಕ್ಕೋ ರೈಲಿಳಿಯುವ ತಾಯಿಗಾಗಿ ಅದು ತೆರೆದಿರುವುದಿಲ್ಲ. 2023-24ರ ಬಜೆಟ್ಟಿನಲ್ಲಿ ಘೋಷಣೆಯಾದ, ಶಿಶುಪಾಲನಾ ಕೇಂದ್ರಗಳನ್ನು ತೆರೆಯುವ ಕೂಸಿನ ಮನೆ ಒಳ್ಳೆಯ ಯೋಜನೆ. ಆದರೆ ಅದು ಗ್ರಾಮ ಪಂಚಾಯಿತಿಗಳಿಗೆ, ಮೊದಲ ಆದ್ಯತೆ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಂಥ ನಗರಸಭೆಯ ಬೀದಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿತು, 50 ಜನ ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಆದರೆ ಆ ಕೇಂದ್ರ ಇರುವುದು ಕೆಲಸದ ಜಾಗದಲ್ಲಿ. ಕಿಕ್ಕಿರಿದ ಬೆಳಗಿನ ರೈಲಿನಲ್ಲಿ ಹತ್ತು ತಿಂಗಳ ಮಗುವನ್ನೆತ್ತಿಕೊಂಡು ಎರಡು ಗಂಟೆ ನಿಲ್ಲುವುದು ಯಾವ ತಾಯಿಗೂ ಸಾಧ್ಯವಿಲ್ಲ. ಹೀಗೆ ಎಲ್ಲ ಭಾರವೂ ಅಜ್ಜಿಯ ಮೇಲೆ ಬರುತ್ತದೆ. ಅಜ್ಜಿ ಗಟ್ಟಿಯಾಗಿರುವ ಮನೆಯಲ್ಲಿ ಇಬ್ಬರ ದುಡಿಮೆ. ಅಜ್ಜಿ ಇಲ್ಲದ ಅಥವಾ ಹಾಸಿಗೆ ಹಿಡಿದಿರುವ ಮನೆಯಲ್ಲಿ ಒಬ್ಬರದೇ ದುಡಿಮೆ. ಒಂದೇ ಓದು, ಒಂದೇ ಕೆಲಸದ ಎರಡು ಕುಟುಂಬಗಳ ಬದುಕು ಬೇರೆಬೇರೆಯಾಗಲು ಇದೊಂದೇ ಕಾರಣ ಸಾಕು.

ಹತ್ತಿರದಲ್ಲೇ ಕೆಲಸ ಸಿಗುತ್ತದೆಂಬ ಆಸೆ ಹುಟ್ಟಿಸಿದ್ದು ಕೋಲಾರ ತಾಲ್ಲೂಕಿನ ನರಸಾಪುರ ಕೈಗಾರಿಕಾ ಪ್ರದೇಶ. ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆಯೂ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯೂ ಅಲ್ಲಿ ಬಂದವು. ವಿಸ್ಟ್ರಾನ್‌ನಲ್ಲಿ ಗುತ್ತಿಗೆ ಏಜೆನ್ಸಿಗಳ ಮೂಲಕ ಸೇರಿದ ಸಾವಿರಾರು ಯುವಕ ಯುವತಿಯರಿಗೆ ಮಾತು ಕೊಟ್ಟಷ್ಟು ಸಂಬಳ ಕೈಸೇರಲಿಲ್ಲ, ಹೆಚ್ಚುವರಿ ಗಂಟೆಗಳ ಲೆಕ್ಕ ಸರಿಹೋಗಲಿಲ್ಲ. 2020ರ ಡಿಸೆಂಬರ್ 12ರಂದು ಅದು ಗಲಭೆಯಾಗಿ ಸಿಡಿಯಿತು. ಕೆಲವರಿಗೆ ಸಂಬಳ ಸರಿಯಾಗಿ ಸಂದಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಪಾಲಾಯಿತು. ಕಂಪನಿ ಬಸ್ಸಿನಲ್ಲಿ ಹೋಗಿಬರುವ ಈ ಕೆಲಸ ಮದುವೆಗೆ ಮುಂಚಿನ ಹೆಣ್ಣುಮಕ್ಕಳಿಗೆ ನಿಜವಾದ ಆದಾಯ ತಂದಿದೆ. ಆದರೆ ಸರದಿ ಪಾಳಿಯ ದುಡಿಮೆ ಎಳೆಗೂಸಿನ ತಾಯಿಗೆ ಹೊಂದುವುದು ಕಷ್ಟ.

ಇನ್ನು ಬೆಲೆಗಳ ಮಾತು. ಹಣದುಬ್ಬರದ ಸರಾಸರಿ ಅಂಕಿ ಎಲ್ಲರಿಗೂ ಒಂದೇ ಆದರೂ ಪ್ರತಿ ಮನೆಯ ಬುಟ್ಟಿ ಬೇರೆ. ಜರ್ಮನಿಯ ಅರ್ನ್‌ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದಂತೆ ಆದಾಯ ಕಡಿಮೆಯಾದಷ್ಟೂ ಊಟದ ಪಾಲು ಹೆಚ್ಚು. ಭಾರತದ 2023-24ರ ಕುಟುಂಬ ವೆಚ್ಚ ಸಮೀಕ್ಷೆಯ ಪ್ರಕಾರ ತಲಾ ತಿಂಗಳ ಸರಾಸರಿ ವೆಚ್ಚ ಹಳ್ಳಿಯಲ್ಲಿ 4,122 ರೂಪಾಯಿ, ಪಟ್ಟಣದಲ್ಲಿ 6,996 ರೂಪಾಯಿ. ಅದರಲ್ಲಿ ಆಹಾರದ ಪಾಲು ಹಳ್ಳಿಯಲ್ಲಿ ಶೇ. 47, ಪಟ್ಟಣದಲ್ಲಿ ಶೇ. 40ರ ಆಸುಪಾಸು. ಚಿಕ್ಕ ಮಕ್ಕಳಿರುವ ಮನೆಯ ಆಹಾರದಲ್ಲಿ ಹಾಲು, ಮೊಟ್ಟೆ, ಹಣ್ಣು ಹೆಚ್ಚು. ಇವು ಪಡಿತರದಲ್ಲಿ ಸಿಗುವುದಿಲ್ಲ. ನಂದಿನಿ ಹಾಲಿನ ದರ ಲೀಟರಿಗೆ 2023ರ ಆಗಸ್ಟ್‌ನಲ್ಲಿ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿತು. ದಿನಕ್ಕೊಂದು ಲೀಟರು ಕೊಳ್ಳುವ ಕೆಜಿಎಫ್‌ನ ಮನೆಗೆ ಈ ಎರಡು ಏರಿಕೆಗಳಿಂದಲೇ ತಿಂಗಳಿಗೆ 210 ರೂಪಾಯಿ ಹೆಚ್ಚು. ಹತ್ತಾರು ಕಿಲೋಮೀಟರು ಆಚೆ, ಡೇರಿಗೆ ಹಾಲು ಹಾಕುವ ಬಂಗಾರಪೇಟೆ ತಾಲ್ಲೂಕಿನ ರೈತ ಮಹಿಳೆಗೆ ಅದೇ ಏರಿಕೆ ಮಗುವಿನ ಪುಸ್ತಕಕ್ಕಾಗುವ ಆದಾಯ. ಬೆಲೆ ಏರಿಕೆಯನ್ನು ಕೇವಲ ಶಾಪವೆಂದು ಹೇಳುವವರು ಈ ಹೆಣ್ಣುಮಕ್ಕಳನ್ನು ಮರೆಯಬಾರದು.

ಟೊಮೆಟೊ ಇದಕ್ಕಿಂತ ಕಠಿಣ ಪಾಠ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದಾದ ಕೋಲಾರ ಎಪಿಎಂಸಿಯಲ್ಲಿ 2023ರ ಜುಲೈಯಲ್ಲಿ 15 ಕಿಲೋ ಬಾಕ್ಸಿನ ಹರಾಜು ಎರಡು ಸಾವಿರ ರೂಪಾಯಿ ದಾಟಿತು. ಅದೇ ಬೆಳೆಯನ್ನು ಕೀಳುವ ಕೂಲಿಯೂ ಹುಟ್ಟದೆ ರೈತರು ರಸ್ತೆಗೆ ಸುರಿದ ವರ್ಷಗಳೂ ಇವೆ. ಟೊಮೆಟೊ ಬೆಳೆಯುವ ಜಿಲ್ಲೆಯ ಕೂಲಿ ಮನೆಯ ಸಾರಿನಲ್ಲೇ ಆ ಜುಲೈಯಲ್ಲಿ ಟೊಮೆಟೊ ಇರಲಿಲ್ಲ. ಅಡುಗೆ ಅನಿಲದ ದರ 2023ರ ಆಗಸ್ಟ್‌ನಲ್ಲಿ 200, 2024ರ ಮಾರ್ಚ್‌ನಲ್ಲಿ 100 ರೂಪಾಯಿ ಇಳಿದು 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿತು. ಏರಿದ್ದು ಎಷ್ಟು ಎಂಬುದಷ್ಟೇ ಅಲ್ಲ, ಯಾವಾಗ ಏರೀತೆಂದು ತಿಳಿಯದಿರುವುದೂ ಉಳಿತಾಯವಿಲ್ಲದ ಮನೆಗೆ ಹೊರೆಯೇ.

ಇವೆಲ್ಲಕ್ಕಿಂತ ದೊಡ್ಡದಾಗಿ ಬೆಳೆದಿರುವುದು ಶಾಲೆಯ ಖರ್ಚು. ಗಣಿಯ ಕಾಲದಿಂದಲೂ ಕೆಜಿಎಫ್‌ನಲ್ಲಿ ಇಂಗ್ಲಿಷ್ ಕಲಿಕೆಗೆ ಮರ್ಯಾದೆ ಹೆಚ್ಚು. ಬೆಂಗಳೂರಿನ ಕೆಲಸವೇ ಗುರಿಯಾದ ಮೇಲೆ ಅದು ಅನಿವಾರ್ಯವೆಂಬ ಭಾವನೆ ಬೇರೂರಿದೆ. 2025ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಸರ್ಕಾರಿ ಶಾಲೆಯ ಮಗುವಿಗೆ ವರ್ಷಕ್ಕೆ ಸರಾಸರಿ 2,863 ರೂಪಾಯಿ ಖರ್ಚಾದರೆ, ಸರ್ಕಾರೇತರ ಶಾಲೆಯ ಮಗುವಿಗೆ 25,002 ರೂಪಾಯಿ. ಎರಡು ಮಕ್ಕಳೆಂದರೆ ಐವತ್ತು ಸಾವಿರ. ಅದರ ಬಹುಪಾಲು ಮೇ, ಜೂನ್ ತಿಂಗಳಲ್ಲೇ ಕಟ್ಟಬೇಕು. ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟುಗಳನ್ನು ಬಡ ಮಕ್ಕಳಿಗೆ ಮೀಸಲಿಟ್ಟಿತ್ತು. 2019ರಲ್ಲಿ ಕರ್ನಾಟಕ ನಿಯಮ ಬದಲಿಸಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲವೆಂದಿತು. ಸರ್ಕಾರಿ ಶಾಲೆಗಳನ್ನು ಉಳಿಸುವ ಆ ಉದ್ದೇಶ ಸರಿಯಾದದ್ದೇ. ಆದರೆ ಉಳಿಸಿದ ಶಾಲೆಯಲ್ಲಿ ತರಗತಿಗೊಬ್ಬ ಶಿಕ್ಷಕರಿರುವಂತೆ ನೋಡಿಕೊಳ್ಳದಿದ್ದರೆ ಬಡ ತಂದೆತಾಯಿ ಸಾಲ ಮಾಡಿಯಾದರೂ ವ್ಯಾನ್ ಬರುವ ಶಾಲೆಗೇ ಮಗುವನ್ನು ಸೇರಿಸುತ್ತಾರೆ.

ಆ ಸಾಲ ಮೂರು ಕಡೆಯಿಂದ ಬರುತ್ತದೆ: ಚೀಟಿ, ಒಡವೆ, ಸಂಘ. ಚೀಟಿ ಎತ್ತಿ ಫೀಸು ಕಟ್ಟುವುದು ಹಳೆಯ ರೂಢಿ. ಒಡವೆ ಅಡ ಇಡುವುದು ಅದಕ್ಕಿಂತ ಹಳೆಯದು. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿ ಮುಟ್ಟಿತು. ಅದೇ ವರ್ಷದ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಎರಡೂವರೆ ಲಕ್ಷದವರೆಗಿನ ಒಡವೆ ಸಾಲವನ್ನು ಮೌಲ್ಯದ ಶೇ. 85ರವರೆಗೆ ಕೊಡಬಹುದೆಂದಿತು. ಇದರ ಪರಿಣಾಮವಾಗಿ ಮದುವೆಯಲ್ಲಿ ಬಂದ ಅದೇ ಸರದ ಮೇಲೆ ವರ್ಷವರ್ಷವೂ ಹೆಚ್ಚು ಸಾಲ ಹುಟ್ಟುತ್ತದೆ. ಬಡ್ಡಿಯನ್ನಷ್ಟೇ ಕಟ್ಟಿ ಒಡವೆಯನ್ನು ಮತ್ತೆ ಅಡವಿಟ್ಟು ಹೊಸ ಸಾಲ ಪಡೆಯುವುದು ಸುಲಭವಾಗುತ್ತದೆ, ಬಿಡಿಸಿಕೊಳ್ಳುವುದು ದೂರವಾಗುತ್ತದೆ. ಇನ್ನು ಸಂಘದ ಸಾಲ, ಅಂದರೆ ಮಹಿಳೆಯರ ಗುಂಪುಗಳಿಗೆ ಸಿಗುವ ಕಿರುಸಾಲ. ಕೋಲಾರ ಪಟ್ಟಣ ಇದರ ಕಹಿಯನ್ನು ಬಹಳ ಹಿಂದೆಯೇ ಕಂಡಿತು: 2009ರಲ್ಲಿ ಅಲ್ಲಿನ ರೇಷ್ಮೆ, ಬೀಡಿ ಕೆಲಸದ ಮಹಿಳೆಯರು ಒಂದರ ಮೇಲೊಂದು ಕಿರುಸಾಲದಲ್ಲಿ ಸಿಕ್ಕಿಕೊಂಡಾಗ, ಮುಸ್ಲಿಂ ಸಮುದಾಯದ ಸಂಸ್ಥೆಯಾದ ಅಂಜುಮನ್ ಮರುಪಾವತಿಯನ್ನೇ ತಡೆಹಿಡಿಯಿತು. 2022ರ ರಿಸರ್ವ್ ಬ್ಯಾಂಕ್ ನಿಯಮ ಕುಟುಂಬದ ಎಲ್ಲ ಕಂತುಗಳು ಆದಾಯದ ಅರ್ಧ ಮೀರಬಾರದೆಂದಿತು. 2025ರ ಫೆಬ್ರವರಿಯ ರಾಜ್ಯ ಸುಗ್ರೀವಾಜ್ಞೆ ವಸೂಲಿಯ ಕಿರುಕುಳವನ್ನು ಅಪರಾಧವಾಗಿಸಿತು. ಇವು ಬೇಕಾಗಿದ್ದ ಕಾನೂನುಗಳೇ. ಆದರೆ ಆದಾಯದ ಅರ್ಧವನ್ನು ಕಂತಿಗೆ ಕೊಟ್ಟು ಉಳಿದರ್ಧದಲ್ಲಿ ಎರಡು ಮಕ್ಕಳನ್ನು ಸಾಕಬಹುದೆಂಬ ಎಣಿಕೆ ಆ ನಿಯಮದೊಳಗೇ ಇದೆ, ಮತ್ತು ಅದು ತಪ್ಪು ಎಣಿಕೆ.

ಹಾಗಾದರೆ ಒಂದು ಕುಟುಂಬಕ್ಕೆ ಎಷ್ಟು ಬೇಕು? ಇದಕ್ಕೆ ಭಾರತದಲ್ಲಿ ಒಪ್ಪಿತವಾದ ಒಂದು ಸೂತ್ರವಿದೆ. 1957ರಲ್ಲಿ ಸೇರಿದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಬ್ಬ ದುಡಿಯುವವನ ಹಿಂದೆ ಮೂರು ಅನುಭೋಗ ಘಟಕಗಳಿವೆಯೆಂದು ಎಣಿಸಿತು. ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವುಗಳ ಜೊತೆಗೆ ಇಂಧನ, ಬೆಳಕು ಮತ್ತು ಇತರ ಬಾಬತ್ತುಗಳಿಗೆ ಒಟ್ಟು ಕನಿಷ್ಠ ವೇತನದ ಶೇ. 20 ಎಂದು ಲೆಕ್ಕ ಕಟ್ಟಿತು. ಇದರಲ್ಲಿ ಶಾಲೆಯೂ ಇರಲಿಲ್ಲ, ಔಷಧವೂ ಇರಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ರಾಪ್ಟಕೋಸ್ ಬ್ರೆಟ್ ಪ್ರಕರಣದ ತೀರ್ಪಿನಲ್ಲಿ ಮಕ್ಕಳ ಶಿಕ್ಷಣ, ವೈದ್ಯಕೀಯ, ಹಬ್ಬ, ಮುಪ್ಪು, ಮದುವೆಗಳಿಗೆ ಶೇ. 25 ಸೇರಿಸಬೇಕೆಂದಿತು. ಕೆಜಿಎಫ್‌ನ ಮಟ್ಟಿಗೆ ಈ ಸೂತ್ರದಲ್ಲಿ ಎರಡು ಕೊರತೆಗಳು ಎದ್ದು ಕಾಣುತ್ತವೆ. ಮಗು ಇಲ್ಲಿ ಘಟಕದ ಒಂದು ಭಿನ್ನರಾಶಿ. ಹಾಲು, ವೈದ್ಯರು, ಶಾಲೆ ಸೇರಿದರೆ ಮಗುವಿನ ಖರ್ಚು ದೊಡ್ಡವರದಕ್ಕಿಂತ ಕಡಿಮೆ ಇರುವುದಿಲ್ಲ. ಮೊಮ್ಮಗುವನ್ನು ನೋಡಿಕೊಳ್ಳುವ ಅಜ್ಜಿ ಆ ಮೂರು ಘಟಕಗಳಲ್ಲಿ ಎಲ್ಲಿಯೂ ಇಲ್ಲ, ಆಕೆಯ ಊಟ ಮಾತ್ರ ಮನೆಯ ಒಲೆಯ ಮೇಲೆಯೇ ಬೇಯಬೇಕು.

ಸರ್ಕಾರದ ನೆರವು ನಿಜವಾಗಿಯೂ ಮನೆ ಮುಟ್ಟುತ್ತಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ಸು, ಆಗಸ್ಟ್‌ನಿಂದ ಗೃಹಜ್ಯೋತಿಯ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್, ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ, ಅನ್ನಭಾಗ್ಯದ ಅಕ್ಕಿ, ಶಾಲೆಯ ಹಾಲು ಮೊಟ್ಟೆ ಸೇರಿದರೆ ಎಳೆಯ ಸಂಸಾರಕ್ಕೆ ದೊಡ್ಡ ಆಸರೆಯೇ. ಗಣಿ ಕಂಪನಿ ಒಮ್ಮೆ ಹೊರುತ್ತಿದ್ದ ಭಾರದ ಒಂದು ಪಾಲನ್ನು ರಾಜ್ಯ ಹೊತ್ತಿದೆ ಎನ್ನಬಹುದು. ತೊಡಕಿರುವುದು ಅರ್ಹತೆಯ ಗೆರೆಗಳಲ್ಲಿ. ಬಿಪಿಎಲ್ ಪಡಿತರ ಚೀಟಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರುವಂತಿಲ್ಲ, ಅಂದರೆ ತಿಂಗಳಿಗೆ ಹತ್ತು ಸಾವಿರ. ರೈಲು ಹತ್ತಿ ಹೋಗಿ ಹದಿನೈದು ಸಾವಿರ ತರುವ ತಂದೆಯೊಬ್ಬನ ಮನೆ ಈ ಗೆರೆಯ ಆಚೆಗಿದೆ. 2017ರ ಜನವರಿಯಲ್ಲಿ ನೌಕರರ ಆರೋಗ್ಯ ವಿಮೆಯಾದ ಇಎಸ್‌ಐನ ಸಂಬಳ ಮಿತಿಯನ್ನು 21,000 ರೂಪಾಯಿಗೆ ಏರಿಸಲಾಯಿತು. ಒಂದೆರಡು ಸಾವಿರದ ಬಡ್ತಿ ಸಿಕ್ಕಿ ಈ ಮಿತಿ ದಾಟಿದ ಮನೆ, ಮಕ್ಕಳ ಜ್ವರ ಕೆಮ್ಮಿನ ಖರ್ಚನ್ನೂ ಇನ್ನು ತಾನೇ ಹೊರಬೇಕು. ಇಬ್ಬರೇ ಇರುವ ಮನೆಗೂ ಮೂರು ಮಕ್ಕಳಿರುವ ಮನೆಗೂ ಈ ಮಿತಿಗಳು ಒಂದೇ. ಮಗುವನ್ನು ತಲೆ ಎಣಿಸಿ ಲೆಕ್ಕಕ್ಕೆ ಹಿಡಿಯುವುದು ಮುಖ್ಯವಾಗಿ ಪಡಿತರದ ಅಕ್ಕಿ. ಅದಕ್ಕೂ ಕೂಸಿನ ಹೆಸರಿನ ಆಧಾರ್ ಆಗಬೇಕು, ಜನನ ಪ್ರಮಾಣಪತ್ರ ಬೇಕು, ಚೀಟಿಗೆ ಹೆಸರು ಸೇರಿಸುವ ಅವಕಾಶ ತೆರೆದಿರುವ ದಿನಗಳನ್ನು ನೋಡಿಕೊಂಡು ತಂದೆಯೋ ತಾಯಿಯೋ ಒಂದು ದಿನದ ಸಂಬಳ ಬಿಟ್ಟು ಹೋಗಿ ಅರ್ಜಿ ಹಾಕಬೇಕು.